ಮಕ್ಕಳಲ್ಲಿ ಅಡಿನಾಯ್ಡ್ ಶಸ್ತ್ರಕ್ರಿಯೆ: ಹೆತ್ತವರು ತಿಳಿದಿರಬೇಕಾದ ವಿಷಯಗಳು

ಮಗು ರಾತ್ರಿಯಿಡೀ ಬಾಯಿ ತೆರೆದು ಗೊರಕೆ ಹೊಡೆಯುತ್ತದೆ. ಹಗಲಿನಲ್ಲಿ ಕರೆದರೆ ತಿರುಗಿ ನೋಡುವುದಿಲ್ಲ. ಶಾಲೆಯಲ್ಲಿ "ಗಮನ ಕೊಡುವುದಿಲ್ಲ" ಎಂಬ ದೂರು, ಮನೆಯಲ್ಲಿ "ಹಟಮಾರಿ" ಎಂಬ ಬೈಗುಳ. ಇಂತಹ ಎಷ್ಟೋ ಮಕ್ಕಳ ತೊಂದರೆಯ ಮೂಲ ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಎಂಬ ಅಂಗಾಂಶ. ಜನರು ಇದನ್ನು "ಮೂಗಿನಲ್ಲಿ ದುರ್ಮಾಂಸ ಬೆಳೆದಿದೆ" ಎಂದು ಹೇಳುವುದುಂಟು. ಇದರ ಶಸ್ತ್ರಕ್ರಿಯೆ ಮತ್ತು ಆ ಬಳಿಕದ ಆರೈಕೆಯ ಬಗ್ಗೆ ಈ ಲೇಖನದಲ್ಲಿ ತಿಳಿಯೋಣ.

ಅಡಿನಾಯ್ಡ್ ಎಂದರೇನು?

ಮೂಗಿನ ಹಿಂದೆ, ಕಿರುನಾಲಗೆಗಿಂತ ಮೇಲೆ ಇರುವ ಮೃದುವಾದ ಗ್ರಂಥಿಯಂತಹ ಅಂಗಾಂಶವೇ ಅಡಿನಾಯ್ಡ್. ಬಾಯಿ ತೆರೆದು ನೋಡಿದರೆ ಟಾನ್ಸಿಲ್ ಕಾಣುತ್ತದೆ, ಅಡಿನಾಯ್ಡ್ ಕಾಣುವುದಿಲ್ಲ. ಉಸಿರಿನೊಂದಿಗೆ ಒಳಬರುವ ರೋಗಾಣುಗಳನ್ನು ಎದುರಿಸುವುದು ಇದರ ಕೆಲಸ. ಮೂರರಿಂದ ಏಳು ವರ್ಷದವರೆಗೆ ಇದು ದೊಡ್ಡದಾಗಿದ್ದು, ನಂತರ ಕುಗ್ಗುತ್ತಾ ಹದಿಹರೆಯದ ವೇಳೆಗೆ ಬಹುಪಾಲು ಮಾಯವಾಗುತ್ತದೆ. ಇದರಿಂದ ಮಕ್ಕಳಿಗೆ ಉಸಿರಾಟ ಮತ್ತು ಶ್ರವಣದ ತೊಂದರೆ ಆಗುತ್ತದೆ ಎಂದು ಡೆನ್ಮಾರ್ಕ್‌ನ ಕೋಪನ್‌ಹೇಗನ್ ನಗರದ ವೈದ್ಯ ವಿಲ್‌ಹೆಲ್ಮ್ ಮೇಯರ್ 1868ರಲ್ಲಿ ವಿವರಿಸಿದರು.

ಅಡಿನಾಯ್ಡ್ ಮಿತಿಮೀರಿ ಬೆಳೆದಾಗ ಮೂಗಿನ ದಾರಿ ಕಟ್ಟಿಕೊಳ್ಳುತ್ತದೆ. ಕಿವಿಯಿಂದ ಗಂಟಲಿಗೆ ಬರುವ ಸಣ್ಣ ನಾಳದ ಬಾಯಿ ಪಕ್ಕದಲ್ಲೇ ಇರುವುದರಿಂದ ಅದಕ್ಕೂ ಅಡ್ಡಿಯಾಗಿ, ಕಿವಿಯ ತಮಟೆಯ ಹಿಂದೆ ಅಂಟಿನಂತಹ ದ್ರವ ನಿಲ್ಲುತ್ತದೆ. ಆಗ ಮಗುವಿಗೆ ನೋವಿಲ್ಲದಿದ್ದರೂ ಕೇಳಿಸುವುದು ಕಡಿಮೆಯಾಗುತ್ತದೆ. ನಿದ್ರೆಯಲ್ಲಿ ಉಸಿರು ಕೆಲವು ಕ್ಷಣ ನಿಂತು ಮತ್ತೆ ಏದುಸಿರಿನೊಂದಿಗೆ ಆರಂಭವಾದರೆ ಅದನ್ನು ಎಂದಿಗೂ ಹಗುರವಾಗಿ ಕಾಣಬಾರದು. ವರ್ಷಗಟ್ಟಲೆ ಬಾಯಿಯಿಂದಲೇ ಉಸಿರಾಡಿದ ಮಕ್ಕಳ ಮೇಲ್ದವಡೆ ಕಿರಿದಾಗಿ ಹಲ್ಲುಗಳು ಓರೆಕೋರೆಯಾಗುವ ಸಾಧ್ಯತೆಯೂ ಇದೆ.

ಎಲ್ಲರಿಗೂ ಶಸ್ತ್ರಕ್ರಿಯೆ ಬೇಕೇ?

ಖಂಡಿತ ಇಲ್ಲ. ಕಿವಿ-ಮೂಗು-ಗಂಟಲು ತಜ್ಞರು ಎಕ್ಸ್‌ರೇ ಅಥವಾ ತೆಳುವಾದ ದುರ್ಬೀನಿನ ಮೂಲಕ ಪರೀಕ್ಷಿಸಿ, ತೊಂದರೆ ಸಾಧಾರಣವಾಗಿದ್ದರೆ ಕೆಲವು ವಾರ ಮೂಗಿಗೆ ಸಿಂಪಡಿಸುವ ಔಷಧವನ್ನು ಕೊಟ್ಟು ನೋಡುತ್ತಾರೆ. ಕಿವಿಯ ದ್ರವ ಎಷ್ಟೋ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ. ನಿದ್ರೆಯಲ್ಲಿ ಉಸಿರುಗಟ್ಟುವುದು, ಶ್ರವಣದೋಷ ಮುಂದುವರಿಯುವುದು, ಪದೇ ಪದೇ ಸೋಂಕು ತಗಲುವುದು ಕಂಡುಬಂದಾಗ ಮಾತ್ರ ಶಸ್ತ್ರಕ್ರಿಯೆಯ ಮಾತು ಬರುತ್ತದೆ. "ತೆಗೆದರೆ ರೋಗನಿರೋಧಕ ಶಕ್ತಿ ಹೋಗುತ್ತದೆ" ಎಂಬ ಭಯ ಹಲವರಲ್ಲಿದೆ. ದೇಹದಲ್ಲಿ ಇದೇ ಕೆಲಸ ಮಾಡುವ ಬೇರೆ ಅಂಗಾಂಶಗಳು ಸಾಕಷ್ಟಿರುವುದರಿಂದ, ನಿಜವಾಗಿ ಅಗತ್ಯವಿರುವ ಮಗುವಿಗೆ ಈ ಭಯದಿಂದ ಚಿಕಿತ್ಸೆ ತಪ್ಪಿಸಬಾರದು.

ಶಸ್ತ್ರಕ್ರಿಯೆಯ ದಿನ

ಮಗುವಿಗೆ ಪೂರ್ಣ ಅರಿವಳಿಕೆ ಕೊಟ್ಟು ಬಾಯಿಯ ಮೂಲಕವೇ ಅಡಿನಾಯ್ಡನ್ನು ತೆಗೆಯುತ್ತಾರೆ. ಮುಖದ ಮೇಲೆ ಗಾಯವಾಗಲಿ ಹೊಲಿಗೆಯಾಗಲಿ ಇರುವುದಿಲ್ಲ. ಸಾಮಾನ್ಯವಾಗಿ ಅರ್ಧ ಗಂಟೆಯ ಕೆಲಸ. ಗಟ್ಟಿ ಆಹಾರವನ್ನು ಆರು ಗಂಟೆ ಮೊದಲೇ ನಿಲ್ಲಿಸಬೇಕು. ನೀರನ್ನು ಎಷ್ಟು ಹೊತ್ತಿನವರೆಗೆ ಕೊಡಬಹುದೆಂದು ಅರಿವಳಿಕೆ ತಜ್ಞರು ಹೇಳುತ್ತಾರೆ. "ಪಾಪ, ಹಸಿದಿದೆ" ಎಂದು ಗುಟ್ಟಾಗಿ ಬಿಸ್ಕತ್ತು ತಿನ್ನಿಸುವುದು ಅಪಾಯಕಾರಿ, ಏಕೆಂದರೆ ಅರಿವಳಿಕೆಯಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಅಲುಗಾಡುವ ಹಾಲುಹಲ್ಲು, ಜ್ವರ, ಕೆಮ್ಮು, ಮನೆಯಲ್ಲಿ ಯಾರಿಗಾದರೂ ರಕ್ತ ಬೇಗ ನಿಲ್ಲದ ತೊಂದರೆ ಇದ್ದರೆ ಮೊದಲೇ ತಿಳಿಸಬೇಕು. ಸೀಳು ಅಂಗುಳ ಇರುವ ಅಥವಾ ಹಿಂದೆ ಇದ್ದ ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಅಡಿನಾಯ್ಡ್ ತೆಗೆದ ಮೇಲೆ ಅವರ ಮಾತು ಮೂಗಿನಲ್ಲಿ ಸೋರಬಹುದು.

ಮನೆಗೆ ಬಂದ ಮೇಲೆ

ಅಡಿನಾಯ್ಡ್ ಮಾತ್ರ ತೆಗೆದಿದ್ದರೆ ನೋವು ಕೆಲವೇ ದಿನ. ಟಾನ್ಸಿಲ್ ಕೂಡ ತೆಗೆದಿದ್ದರೆ ಎರಡು ವಾರದವರೆಗೂ ಇರಬಹುದು. ಬಾಯಿಯ ದುರ್ವಾಸನೆ, ಕಿವಿನೋವು, ಮೂಗು ಕಟ್ಟಿದಂತಿರುವುದು, ಧ್ವನಿಯಲ್ಲಿ ಬದಲಾವಣೆ ಸಹಜ. ಇವು ನಿಧಾನವಾಗಿ ಕಡಿಮೆಯಾಗುತ್ತವೆ. ಆಗಾಗ ನೀರು, ಎಳನೀರು ಕುಡಿಸಿರಿ. ನಮ್ಮ ಕಡೆಯ ಗಂಜಿಯಾಗಲಿ, ಉತ್ತರ ಕರ್ನಾಟಕದ ಜೋಳದ ನುಚ್ಚು-ಮಜ್ಜಿಗೆಯಾಗಲಿ ತಣ್ಣಗೆ ಕೊಟ್ಟರೆ ಹಿತ. ಚಕ್ಕುಲಿ, ಗಟ್ಟಿ ರೊಟ್ಟಿ, ಖಾರ ಸ್ವಲ್ಪ ದಿನ ಬೇಡ. ನೋವಿಗೆ ವೈದ್ಯರು ತೂಕ ನೋಡಿ ಬರೆದಷ್ಟೇ ಪ್ಯಾರಾಸಿಟಮಾಲ್ ಕೊಡಿ. ಆಸ್ಪಿರಿನ್ ಕೊಡಬಾರದು. ಕೋಡೀನ್ ಇರುವ ಔಷಧದಿಂದ ಮಕ್ಕಳ ಉಸಿರಾಟ ಕುಗ್ಗುವ ಅಪಾಯವಿರುವುದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲೇ ಈ ಶಸ್ತ್ರಕ್ರಿಯೆಯ ಬಳಿಕ ಅದನ್ನು ಕೊಡದಂತೆ ಎಚ್ಚರಿಸಿದೆ. ಆದುದರಿಂದ ಮನೆಯಲ್ಲಿ ಉಳಿದಿರುವ ಕೆಮ್ಮಿನ ಸಿರಪ್ ಬಳಸಬೇಡಿ. ಒಂದು ವಾರ ಶಾಲೆ ಬೇಡ, ವೈದ್ಯರು ಹೇಳುವವರೆಗೆ ಓಟ-ಆಟ, ಈಜು ಬೇಡ. ಜೋರಾಗಿ ಮೂಗು ಸೀಟುವುದೂ ಬೇಡ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದುದು ಯಾವಾಗ?

ಮೂಗು ಅಥವಾ ಬಾಯಿಯಿಂದ ಕೆಂಪು ರಕ್ತ ಬಂದರೆ, ರಕ್ತವಾಂತಿಯಾದರೆ ಒಂದು ಗಳಿಗೆಯೂ ಕಾಯಬಾರದು. ನಿದ್ರೆಯಲ್ಲಿರುವ ಮಗು ಮತ್ತೆ ಮತ್ತೆ ನುಂಗುತ್ತಿದ್ದರೆ ಗಂಟಲಿನಲ್ಲಿ ರಕ್ತ ಇಳಿಯುತ್ತಿರಬಹುದು. ದೀಪ ಹಾಕಿ ನೋಡಿರಿ. ರಕ್ತಸ್ರಾವದ ಅಪಾಯ ಮೊದಲ 24 ಗಂಟೆಗಳಲ್ಲಿ ಹೆಚ್ಚು. ವಿರಳವಾಗಿ ವಾರ, ಹತ್ತು ದಿನಗಳ ಬಳಿಕವೂ ಆಗಬಹುದು. 102 ಡಿಗ್ರಿಗಿಂತ ಹೆಚ್ಚು ಜ್ವರ, ಎಂಟು ಗಂಟೆಗೂ ಮಿಕ್ಕಿ ಮೂತ್ರ ಮಾಡದಿರುವುದು, ಕತ್ತು ಓರೆಯಾಗಿ ತಿರುಗಿಸಲಾಗದ ನೋವು ಇದ್ದರೂ ವೈದ್ಯರನ್ನು ಕಾಣಬೇಕು.

ಇಲ್ಲಿ ದೂರದ ಪ್ರಶ್ನೆ ಬರುತ್ತದೆ. ಮಂಗಳೂರಿನ ಸುತ್ತಮುತ್ತ ಇರುವ ನಮಗೆ ದೊಡ್ಡ ಆಸ್ಪತ್ರೆಗಳು ಹತ್ತಿರ. ಆದರೆ ಬಾಗಲಕೋಟೆ ಜಿಲ್ಲೆಯ, ಬೆಲ್ಲದ ಮಾರುಕಟ್ಟೆಗೆ ಹೆಸರಾದ ಮಹಾಲಿಂಗಪುರದಂತಹ ಊರಿನ ಕುಟುಂಬ ದೊಡ್ಡ ಆಸ್ಪತ್ರೆ ಬೇಕೆಂದರೆ ಬಾಗಲಕೋಟೆಗೋ ಬೆಳಗಾವಿಗೋ ಹುಬ್ಬಳ್ಳಿಗೋ ಪ್ರಯಾಣ ಮಾಡಬೇಕು. ಅಂತಹವರು ಮೊದಲ ರಾತ್ರಿ ಆಸ್ಪತ್ರೆಯಲ್ಲೇ ಉಳಿಯುವುದು, ಮರಳುವ ಮುನ್ನ ರಾತ್ರಿ ವೇಳೆಯ ವಾಹನ ಮತ್ತು ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಗೊತ್ತುಮಾಡಿಕೊಳ್ಳುವುದು ಒಳಿತು. ತುರ್ತಿಗೆ 108 ಆಂಬ್ಯುಲೆನ್ಸ್ ಇದೆ. ಆಲೆಮನೆಯ ಹೊಗೆ, ಒಲೆಯ ಹೊಗೆ, ಬೀಡಿ-ಸಿಗರೇಟಿನ ಹೊಗೆಯಿಂದ ಮಗುವನ್ನು ದೂರವಿಡಬೇಕು.

ವೆಚ್ಚದ ಚಿಂತೆ ಇರುವವರು 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ನೆರವು ಸಿಗುವುದೇ ಎಂದು ಪಡಿತರ ಚೀಟಿಯೊಂದಿಗೆ ಸರಕಾರಿ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಬೇಕು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರಕಾರಿ ಶಾಲೆಗಳಲ್ಲಿ ಮಕ್ಕಳ ಕಿವಿಯನ್ನೂ ಪರೀಕ್ಷಿಸುತ್ತವೆ.

ಶಸ್ತ್ರಕ್ರಿಯೆಯ ನಂತರವೂ ಕೆಲವು ಮಕ್ಕಳು ಅಭ್ಯಾಸಬಲದಿಂದ ಬಾಯಿ ತೆರೆದೇ ಮಲಗುತ್ತಾರೆ. ಗೊರಕೆ ತಿಂಗಳುಗಟ್ಟಲೆ ಮುಂದುವರಿದರೆ ಮರುಪರೀಕ್ಷೆ ಮಾಡಿಸಬೇಕು. ಕಿವಿಯ ತೊಂದರೆ ಇದ್ದವರಿಗೆ ಶ್ರವಣ ಪರೀಕ್ಷೆಯನ್ನು ತಪ್ಪಿಸಬಾರದು. ಶಿಕ್ಷಕರು, ಹಾಸ್ಟೆಲ್ ವಾರ್ಡನ್‌ಗಳು, ವಾರ್ಡಿನ ಗುರಿಕಾರರು ಮಕ್ಕಳನ್ನು ಹತ್ತಿರದಿಂದ ಬಲ್ಲವರು. ಕರೆದಾಗ ಓಗೊಡದ ಮಗುವನ್ನು ಗದರಿಸುವ ಮೊದಲು, ಅದಕ್ಕೆ ಕೇಳಿಸುತ್ತಿದೆಯೇ ಎಂದು ಒಮ್ಮೆ ಪರೀಕ್ಷೆ ಮಾಡಿಸುವಂತೆ ಹೆತ್ತವರಿಗೆ ತಿಳಿಹೇಳಿದರೆ ಅದೊಂದು ದೊಡ್ಡ ಉಪಕಾರವಾದೀತು.