ಮೊಪೆಡ್‌ನ ಎಳೆತ ಹೆಚ್ಚಿಸಲು ಸರಳ ಕ್ರಮಗಳು

ಉಳುಮೆಗೆ ಎತ್ತು ಹೇಗೋ ಹಾಗೆ ಹೊಲದಿಂದ ಮನೆಗೆ, ಮನೆಯಿಂದ ಪೇಟೆಗೆ ಸಾಮಾನು ಸಾಗಿಸಲು ಮೊಪೆಡ್ ರೈತರಿಗೆ ಆಸರೆಯಾಗಿದೆ. 1972ರಲ್ಲಿ ಲೂನಾ, 1980ರಲ್ಲಿ ಟಿವಿಎಸ್ 50 ಬಂದ ಮೇಲೆ ಈ ಚಿಕ್ಕ ಗಾಡಿಗಳು ಹಳ್ಳಿಹಳ್ಳಿಗೂ ಹರಡಿದವು. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನು, ಮಧ್ಯಾಹ್ನ ಹಸಿಮೇವಿನ ಹೊರೆ, ಸಂತೆಯ ದಿನ ತರಕಾರಿ ಮೂಟೆ, ರೇಷ್ಮೆ ಸೀಮೆಯಲ್ಲಿ ಹಿಪ್ಪುನೇರಳೆ ಸೊಪ್ಪು, ಎಲ್ಲವೂ ಇದರ ಮೇಲೆಯೇ.

‘ಮೊದಲಿನ ಪಿಕಪ್ ಇಲ್ಲ, ಏರು ಹತ್ತುವುದಿಲ್ಲ, ಪೆಟ್ರೋಲು ಕುಡಿಯುತ್ತದೆ’ ಎಂಬ ದೂರು ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಇದಕ್ಕೆ ಪರಿಹಾರವೆಂದು ಕೆಲವರು ಸೈಲೆನ್ಸರ್ ಕೊಯ್ಸುತ್ತಾರೆ, ಗಾಳಿ ಶೋಧಕವನ್ನು ಕಿತ್ತು ಹಾಕುತ್ತಾರೆ, ಕಾರ್ಬುರೇಟರ್‌ನ ಜೆಟ್ಟಿನ ತೂತು ದೊಡ್ಡದು ಮಾಡಿಸುತ್ತಾರೆ. ಇದು ಸೊರಗಿದ ಎತ್ತಿಗೆ ಮೇವು ಹಾಕದೆ ಬಾರುಕೋಲಿನಿಂದ ಹೊಡೆದಂತೆ. ಗಾಡಿಗೆ ಕಾರ್ಖಾನೆಯಿಂದ ಬಂದ ಶಕ್ತಿಯನ್ನು ಪೂರ್ತಿಯಾಗಿ ಮರಳಿ ಪಡೆಯುವುದೇ ಮೊದಲ ಕೆಲಸ. ಇದಕ್ಕೆ ಖರ್ಚು ಅತಿ ಕಡಿಮೆ.

ನಷ್ಟದ ಲೆಕ್ಕ

ದಿನಕ್ಕೆ 40 ಕಿ.ಮೀ. ಓಡುವ ಗಾಡಿ ಲೀಟರಿಗೆ 50 ಕಿ.ಮೀ. ಕೊಟ್ಟರೆ ದಿನಕ್ಕೆ 800 ಮಿ.ಲೀ. ಪೆಟ್ರೋಲು ಸಾಕು. ಅದೇ ಗಾಡಿ 40 ಕಿ.ಮೀ.ಗೆ ಇಳಿದರೆ ಒಂದು ಲೀಟರ್ ಬೇಕು. ದಿನಕ್ಕೆ 200 ಮಿ.ಲೀ. ಎಂದರೆ ವರ್ಷಕ್ಕೆ 73 ಲೀಟರ್. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 7,300 ರೂಪಾಯಿ ಹೊಗೆಯಾಗಿ ಹೋಗುತ್ತದೆ.

ಮೈಲೇಜು ತಿಳಿಯಲು ಟ್ಯಾಂಕನ್ನು ಕುತ್ತಿಗೆಯವರೆಗೆ ತುಂಬಿಸಿ. ಎಂದಿನ ಹೊರೆಯೊಂದಿಗೆ 100 ಕಿ.ಮೀ.ನಷ್ಟು ಓಡಿಸಿ, ಮತ್ತೆ ಅದೇ ಮಟ್ಟಕ್ಕೆ ತುಂಬಿಸಿ. ಎಷ್ಟು ಲೀಟರ್ ಹಿಡಿಯಿತು ಎಂಬುದರಿಂದ ಓಡಿದ ದೂರವನ್ನು ಭಾಗಿಸಿ ಬರೆದಿಡಿ. ದುರಸ್ತಿಗೆ ಮುಂಚೆ ಒಮ್ಮೆ, ನಂತರ ಒಮ್ಮೆ ಹೀಗೆ ಮಾಡಿದರೆ ಕೊಟ್ಟ ಹಣ ಸಾರ್ಥಕವಾಯಿತೇ ಎಂಬುದು ತಿಳಿಯುತ್ತದೆ.

ಇಂಜಿನಿನ ಬಗೆ

ಹಳ್ಳಿಗಳಲ್ಲಿ ಇಂದು ಮುಖ್ಯವಾಗಿ ಮೂರು ಬಗೆಯ ಗಾಡಿಗಳಿವೆ. ಮೊದಲನೆಯದು ಹಳೆಯ ಟೂ ಸ್ಟ್ರೋಕ್, 69.9 ಸಿ.ಸಿ.ಯ ಎಕ್ಸ್‌ಎಲ್ ಸೂಪರ್ ಈ ಬಗೆಯದು. ಇದಕ್ಕೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಎರಡನೆಯದು 2015ರಲ್ಲಿ ಬಂದ 99.7 ಸಿ.ಸಿ.ಯ ಎಕ್ಸ್‌ಎಲ್ 100ರಂತಹ ಫೋರ್ ಸ್ಟ್ರೋಕ್. ಇದರ ಆಯಿಲ್ ಇಂಜಿನಿನಲ್ಲಿ ಬೇರೆಯಾಗಿರುತ್ತದೆ, ಪೆಟ್ರೋಲಿಗೆ ಬೆರೆಸಬಾರದು. ಮೂರನೆಯದು 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಜಾರಿಯಾದ ಮೇಲಿನ, ಕಾರ್ಬುರೇಟರ್ ಬದಲು ಇಂಜೆಕ್ಷನ್ ಇರುವ ಗಾಡಿ. ಇದರಲ್ಲಿ ಪೆಟ್ರೋಲಿನ ಹದವನ್ನು ಗಾಡಿಯೇ ನೋಡಿಕೊಳ್ಳುತ್ತದೆ. ಆ ಭಾಗಗಳಿಗೆ ಕೈ ಹಾಕದೆ ತರಬೇತಿ ಪಡೆದ ಮೆಕ್ಯಾನಿಕ್‌ಗೆ ಬಿಡುವುದು ಲೇಸು. ಉಳಿದ ಕ್ರಮಗಳು ಮೂರಕ್ಕೂ ಅನ್ವಯಿಸುತ್ತವೆ.

ಗಾಳಿ ಶೋಧಕ

ಮಣ್ಣಿನ ರಸ್ತೆಯಲ್ಲಿ ಓಡುವ ಗಾಡಿಗೆ ಧೂಳೇ ದೊಡ್ಡ ಶತ್ರು. ಶೋಧಕ ಕಟ್ಟಿಕೊಂಡರೆ ಗಾಳಿ ಸಾಲದೆ ಪೆಟ್ರೋಲು ಸರಿಯಾಗಿ ಉರಿಯುವುದಿಲ್ಲ. ಎಳೆತ ಕುಗ್ಗುತ್ತದೆ, ಹೊಗೆ ಕಪ್ಪಾಗುತ್ತದೆ. ಸ್ಪಂಜಿನ ಶೋಧಕವಾದರೆ ಸಾಬೂನು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಕೆಲವು ಹನಿ ಇಂಜಿನ್ ಆಯಿಲ್ ಹಾಕಿ ಹಿಂಡಿ ಕೂರಿಸಬೇಕು. ಕಾಗದದ ಶೋಧಕವನ್ನು ತೊಳೆಯಬಾರದು. ಮೆಲ್ಲಗೆ ತಟ್ಟಿ ಧೂಳು ಉದುರಿಸಿ, ಅವಧಿ ಮುಗಿದಾಗ ಬದಲಿಸಬೇಕು. ಶೋಧಕವಿಲ್ಲದೆ ಓಡಿಸಿದರೆ ಧೂಳು ಒಳಹೊಕ್ಕು ಪಿಸ್ಟನ್ ಉಂಗುರಗಳನ್ನೂ ಸಿಲಿಂಡರನ್ನೂ ಸವೆಸುತ್ತದೆ. ಒಮ್ಮೆ ಸವೆದ ಸಿಲಿಂಡರಿಗೆ ಯಾವ ಟ್ಯೂನಿಂಗೂ ಮದ್ದಲ್ಲ.

ಪ್ಲಗ್ಗಿನ ಬಣ್ಣ ನೋಡಿ

ಎಲೆಯ ಬಣ್ಣ ನೋಡಿ ಬೆಳೆಗೆ ಯಾವ ಪೋಷಕಾಂಶದ ಕೊರತೆ ಎಂದು ಹೇಳುವಂತೆ, ಪ್ಲಗ್ಗಿನ ಬಣ್ಣ ನೋಡಿ ಇಂಜಿನಿನ ಆರೋಗ್ಯ ಹೇಳಬಹುದು. ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಹದ ಸರಿಯಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಎಣ್ಣೆ ಜಿಡ್ಡಿದ್ದರೆ ಟೂ ಸ್ಟ್ರೋಕ್‌ನಲ್ಲಿ ಬೆರೆಸಿದ ಆಯಿಲ್ ಹೆಚ್ಚಾಗಿದೆ. ಫೋರ್ ಸ್ಟ್ರೋಕ್‌ನಲ್ಲಿ ಉಂಗುರ ಇಲ್ಲವೆ ವಾಲ್ವ್ ಸೀಲು ಸವೆದಿರಬಹುದು. ತುದಿ ಬಿಳಿಚಿಕೊಂಡಿದ್ದರೆ ಎಚ್ಚರಿಕೆ ಅಗತ್ಯ: ಪೆಟ್ರೋಲು ಸಾಲದೆ ಇಂಜಿನು ಮಿತಿಮೀರಿ ಕಾಯುತ್ತಿದೆ. ಕಾರ್ಬುರೇಟರ್ ಮತ್ತು ಇಂಜಿನ್ ನಡುವಿನ ರಬ್ಬರು ಬಿರುಕು ಬಿಟ್ಟು ಗಾಳಿ ಎಳೆಯುತ್ತಿದೆಯೇ ನೋಡಿ.

ಪ್ಲಗ್ಗಿನ ಅಂತರ ಹೆಚ್ಚಿನ ಸಣ್ಣ ಗಾಡಿಗಳಲ್ಲಿ 0.6ರಿಂದ 0.7 ಮಿ.ಮೀ. ಇರುತ್ತದೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಹೇಳಿದ ಅಳತೆಯನ್ನು ಗೇಜಿನಿಂದ ಹೊಂದಿಸಿ, ಕಣ್ಣಳತೆ ಬೇಡ. ಫೋರ್ ಸ್ಟ್ರೋಕ್ ಗಾಡಿಯಾದರೆ ಇಂಜಿನು ಪೂರ್ತಿ ತಣ್ಣಗಿರುವಾಗ ಟ್ಯಾಪೆಟ್ ಅಂತರವನ್ನೂ ಮೆಕ್ಯಾನಿಕ್‌ನಿಂದ ನೋಡಿಸಬೇಕು. ಅದು ಬಿಗಿಯಾದರೆ ವಾಲ್ವು ಪೂರ್ತಿ ಮುಚ್ಚದೆ ಶಕ್ತಿ ಸೋರಿಹೋಗುತ್ತದೆ.

ಕಾರ್ಬುರೇಟರ್ ಹದ ಮಾಡುವುದು

ಕಾರ್ಬುರೇಟರನ್ನು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು, ಜೆಟ್ಟುಗಳಿಗೆ ಗಾಳಿ ಊದಿಸಬೇಕು. ತಂತಿಯಿಂದ ಚುಚ್ಚಬಾರದು, ಕೂದಲೆಳೆಯಷ್ಟು ತೂತು ಹಿಗ್ಗಿದರೂ ಹದ ಕೆಡುತ್ತದೆ. ಈ ಕೆಲಸವನ್ನು ಒಲೆ, ಬೀಡಿಯಿಂದ ದೂರ ಬಯಲಿನಲ್ಲಿಯೇ ಮಾಡಬೇಕು.

ಅನಂತರ ಗಾಡಿಯನ್ನು ಐದಾರು ಕಿ.ಮೀ. ಓಡಿಸಿ ಬಿಸಿ ಮಾಡಿ, ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಸ್ಲೋ ಸ್ಕ್ರೂ ತಿರುಗಿಸಿ ವೇಗವನ್ನು ಸ್ವಲ್ಪ ಏರಿಸಿ. ಈಗ ಗಾಳಿಯ ಸ್ಕ್ರೂವನ್ನು ಕಾಲು ಸುತ್ತಿನಂತೆ ಎರಡೂ ಕಡೆಗೆ ತಿರುಗಿಸುತ್ತ, ಇಂಜಿನಿನ ಸದ್ದು ಎಲ್ಲಿ ಅತಿ ಚುರುಕಾಗಿ, ಒಂದೇ ಸಮನಾಗಿ ಕೇಳುತ್ತದೋ ಅಲ್ಲಿಗೆ ನಿಲ್ಲಿಸಿ. ಕೊನೆಗೆ ಸ್ಲೋ ಸ್ಕ್ರೂವಿನಿಂದ ವೇಗ ಇಳಿಸಿ. ಈ ಗಾಡಿಗಳಲ್ಲಿ ಕ್ಲಚ್ಚು ವೇಗ ಏರಿದಂತೆ ತಾನಾಗಿ ಹಿಡಿಯುತ್ತದೆ. ಆದ್ದರಿಂದ ಆಕ್ಸಿಲೇಟರ್ ಬಿಟ್ಟಾಗಲೂ ಇಂಜಿನು ಗಾಡಿಯನ್ನು ಎಳೆಯುತ್ತಿದ್ದರೆ ಸ್ಲೋ ಇನ್ನೂ ಹೆಚ್ಚಿದೆ ಎಂದೇ ಅರ್ಥ. ಕ್ಲಚ್ಚೂ ಪೆಟ್ರೋಲೂ ಎರಡೂ ಹಾಳು.

ಹೊಗೆ ಹೋಗುವ ದಾರಿ

ಟೂ ಸ್ಟ್ರೋಕ್ ಗಾಡಿ ನಿಧಾನವಾಗಿ ಎಳೆತ ಕಳೆದುಕೊಳ್ಳಲು ಮುಖ್ಯ ಕಾರಣ ಇಂಗಾಲ. ಆಯಿಲ್ ಉರಿದ ಮಸಿ ಸಿಲಿಂಡರಿನ ಹೊಗೆಕಂಡಿಯಲ್ಲಿ, ಸೈಲೆನ್ಸರ್‌ನಲ್ಲಿ ಗಟ್ಟಿಯಾಗಿ ಕೂರುತ್ತದೆ. ಹೂಳು ತುಂಬಿದ ಕಾಲುವೆಯಲ್ಲಿ ನೀರು ಹಿಂದಕ್ಕೆ ಒತ್ತುವಂತೆ ಹೊಗೆಯೂ ಒತ್ತುತ್ತದೆ. ಇದನ್ನು ಮರದ ಚೂರಿನಿಂದ ಕೆರೆದು ತೆಗೆಸಿ. ಪಿಸ್ಟನ್‌ಗೆ ಗೀರು ಬೀಳಬಾರದು. ಸೈಲೆನ್ಸರ್ ಕೊಯ್ಸುವುದರಿಂದ ಸದ್ದು ಹೆಚ್ಚುತ್ತದೆಯೇ ಹೊರತು ಎಳೆತವಲ್ಲ. ಟೂ ಸ್ಟ್ರೋಕ್‌ನಲ್ಲಿ ಉರಿಯದ ಪೆಟ್ರೋಲು ಹೊರಹೋಗದಂತೆ ತಡೆಯುವುದಕ್ಕೂ ಸೈಲೆನ್ಸರ್‌ನ ಆಕಾರವೇ ಸಹಾಯಕ.

ಹಲ್ಲುಚಕ್ರದ ಗಣಿತ

ಏರು ಪ್ರದೇಶದವರು ಹಿಂದಿನ ಚೈನ್ ಚಕ್ರಕ್ಕೆ ಹೆಚ್ಚು ಹಲ್ಲಿನದನ್ನು ಹಾಕಿಸುವುದುಂಟು. ಇದರ ಲಾಭ ನಷ್ಟ ತಿಳಿದಿರಲಿ. ಮುಂದಿನ ಚಕ್ರಕ್ಕೆ 12, ಹಿಂದಿನದಕ್ಕೆ 36 ಹಲ್ಲು ಇದ್ದರೆ ಅನುಪಾತ 3. ಹಿಂದಿನದನ್ನು 40ಕ್ಕೆ ಏರಿಸಿದರೆ ಅನುಪಾತ 3.33. ಎಳೆತ ನೂರಕ್ಕೆ 11ರಷ್ಟು ಹೆಚ್ಚುತ್ತದೆ. ಅದೇ ಇಂಜಿನ್ ವೇಗಕ್ಕೆ ಗಾಡಿಯ ವೇಗ ನೂರಕ್ಕೆ 10ರಷ್ಟು ತಗ್ಗುತ್ತದೆ. ಸಮತಟ್ಟು ರಸ್ತೆಯಲ್ಲಿ ಇಂಜಿನು ಹೆಚ್ಚು ಸುತ್ತು ತಿರುಗಿ ಪೆಟ್ರೋಲು ಹೆಚ್ಚು ಹಿಡಿಯುತ್ತದೆ. ಇಂಜಿನಿನ ಶಕ್ತಿ ಮಾತ್ರ ಎಳ್ಳಷ್ಟೂ ಹೆಚ್ಚುವುದಿಲ್ಲ. ದಿನವೂ ದಿಬ್ಬ ಹತ್ತುವವರಿಗೆ ಬಿಟ್ಟರೆ ಉಳಿದವರಿಗೆ ಇದು ಲಾಭದಾಯಕವಲ್ಲ.

ಇದಕ್ಕಿಂತ ಮೊದಲು ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು ಎಣ್ಣೆ ಹಾಕಿ. ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಎರಡೂ ಚಕ್ರ, ಚೈನು ಒಟ್ಟಿಗೆ ಬದಲಿಸಿ. ಗಾಲಿ ಎತ್ತಿ ಕೈಯಿಂದ ತಿರುಗಿಸಿದಾಗ ಸರಾಗವಾಗಿ ಸುತ್ತಬೇಕು. ಬ್ರೇಕು ಸವರಿಕೊಂಡಿದ್ದರೆ, ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಶಕ್ತಿಯ ಒಂದು ಪಾಲು ಅಲ್ಲಿಯೇ ವ್ಯರ್ಥವಾಗುತ್ತದೆ.

ಎಥನಾಲ್ ಬೆರೆತ ಪೆಟ್ರೋಲು

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥನಾಲ್ ಇರುತ್ತದೆ. ನಮ್ಮದೇ ಕಬ್ಬು, ಮೆಕ್ಕೆಜೋಳಗಳಿಂದ ಆಗುವ ಈ ಇಂಧನದಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಾಖವಿದೆ. ಆದ್ದರಿಂದ ಮೈಲೇಜು ಸ್ವಲ್ಪ ಇಳಿದರೆ ಅದನ್ನೇ ದೋಷವೆಂದು ಭಾವಿಸಬೇಕಾಗಿಲ್ಲ. ಆದರೆ ಎಥನಾಲ್ ನೀರನ್ನು ಹೀರುತ್ತದೆ. ಟ್ಯಾಂಕಿಗೆ ನೀರು ಸೇರಿದರೆ ಎಥನಾಲೂ ನೀರೂ ಕೂಡಿ ತಳಕ್ಕೆ ಇಳಿಯುತ್ತವೆ; ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟೂ ಸ್ಟ್ರೋಕ್ ಇಂಜಿನು ತಳದ ಪದರವನ್ನು ಎಳೆದುಕೊಂಡರೆ ಆಯಿಲ್ ಇಲ್ಲದೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳ ಭದ್ರವಾಗಿರಲಿ. ವಾರಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರ್ ಖಾಲಿ ಮಾಡಿ. ಹಳೆಯ ಗಾಡಿಯ ಪೆಟ್ರೋಲ್ ಪೈಪು ಮೆತ್ತಗಾಗಿದ್ದರೆ ಬದಲಿಸಿ.

ಸೀಮೆಎಣ್ಣೆ ಬೆರೆಸಿದರೆ ಇಂಜಿನು ಬಡಿಯುತ್ತದೆ, ಇಂಗಾಲ ಬೇಗ ಕಟ್ಟುತ್ತದೆ. ಆ ಉಳಿತಾಯ ಉಳಿತಾಯವಲ್ಲ.

ವೇಗಕ್ಕಿಂತ ಬ್ರೇಕು ಮುಖ್ಯ

ಸಿಲಿಂಡರ್ ಕಂಡಿಗಳನ್ನು ಅರದಿಂದ ಹಿಗ್ಗಿಸುವುದು, ದೊಡ್ಡ ಇಂಜಿನು ಕೂರಿಸುವುದು ಪಂದ್ಯದ ಗಾಡಿಗೆ ಇರಬಹುದು. ಹಾಲಿನ ಕ್ಯಾನು ಹೊರುವ ಗಾಡಿಗೆ ಸಲ್ಲದು. 30 ಕಿ.ಮೀ. ವೇಗದಲ್ಲಿ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರಕ್ಕಿಂತ 40 ಕಿ.ಮೀ. ವೇಗದಲ್ಲಿ ಸುಮಾರು ಒಂದೂಮುಕ್ಕಾಲು ಪಟ್ಟು ಬೇಕು. ಸಂಸಾರ ನಡೆಸುವವನ ಜೀವ ಹತ್ತು ನಿಮಿಷ ಮುಂಚೆ ಡೇರಿ ಮುಟ್ಟುವುದಕ್ಕಿಂತ ದೊಡ್ಡದು.

ಕಾನೂನೂ ಇದಕ್ಕೆ ವಿರುದ್ಧವಾಗಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ ಅಥವಾ ಎರಡೂ ಉಂಟು. ಅಪಘಾತವಾದಾಗ ವಿಮೆಯ ಹಣಕ್ಕೂ ತಕರಾರು ಬರಬಹುದು.

ನೆನಪಿಡಬೇಕಾದ ವೇಳಾಪಟ್ಟಿ

ವಾರಕ್ಕೊಮ್ಮೆ: ಟೈರಿನ ಗಾಳಿ, ಬ್ರೇಕು, ಚೈನಿನ ಸಡಿಲ, ಫೋರ್ ಸ್ಟ್ರೋಕ್‌ನಲ್ಲಿ ಆಯಿಲ್ ಮಟ್ಟ.

ತಿಂಗಳಿಗೊಮ್ಮೆ: ಗಾಳಿ ಶೋಧಕ, ಪ್ಲಗ್ಗು, ಚೈನಿಗೆ ಎಣ್ಣೆ. ಧೂಳಿನ ದಿನಗಳಲ್ಲಿ ಶೋಧಕವನ್ನು ಹದಿನೈದು ದಿನಕ್ಕೊಮ್ಮೆ ನೋಡಿ.

ಮಳೆಗಾಲಕ್ಕೆ ಮುಂಚೆ ಮತ್ತು ನಂತರ: ಕಾರ್ಬುರೇಟರ್, ಪೆಟ್ರೋಲ್ ಪೈಪು, ಬ್ರೇಕ್ ಕೇಬಲ್ಲು.

ವರ್ಷಕ್ಕೊಮ್ಮೆ: ಟೂ ಸ್ಟ್ರೋಕ್‌ನಲ್ಲಿ ಇಂಗಾಲ ತೆಗೆಸುವುದು, ಕ್ಲಚ್ಚಿನ ಪರೀಕ್ಷೆ.

ಇಷ್ಟು ಮಾಡಿದ ಮೇಲೂ ಏರು ಹತ್ತದಿದ್ದರೆ ಕಂಪ್ರೆಷನ್ ನೋಡಿಸಿ, ಉಂಗುರ ಬದಲಿಸಿ. ಎಲ್ಲವೂ ಸರಿಯಿದ್ದರೆ ಹೊರೆ ಹೆಚ್ಚಾಗಿದೆ ಎಂದು ತಿಳಿಯಬೇಕು. ಎರಡು ಸಲ ಸಾಗಿಸುವುದೇ ಅದಕ್ಕೆ ಮದ್ದು.