ಒಂಬತ್ತು ದಿನ, ಇಪ್ಪತ್ತೊಂದು ದಿನ, ಪ್ರತಿದಿನ

ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಇವತ್ತಿಗೂ ಹೈದರಾಬಾದ್. 1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು. ಆದರೆ ಮಗುವಿಗೆ ಜ್ವರ ಬಿಡದಿದ್ದಾಗ ನಮ್ಮವರು ಹತ್ತುವ ಬಸ್ಸು ಬದಲಾಗಲಿಲ್ಲ. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್, ಹೈದರಾಬಾದಿಗೆ ಸುಮಾರು 150. ಇಲ್ಲಿನ ರೆಡ್ ಹಿಲ್ಸ್‌ನಲ್ಲಿರುವ ನಿಲೋಫರ್ ಮಕ್ಕಳ ಆಸ್ಪತ್ರೆಯ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತರೆ ತೆಲುಗು, ಉರ್ದುವಿನ ನಡುವೆ ನಮ್ಮ ಕಡೆಯ ಕನ್ನಡವೂ ಕಿವಿಗೆ ಬೀಳುತ್ತದೆ. ನಲ್ಲಕುಂಟದ ಫೀವರ್ ಆಸ್ಪತ್ರೆಯನ್ನಂತೂ ಹಳಬರು ಈಗಲೂ ‘ಕೊರಂಟಿ ದವಾಖಾನೆ’ ಎಂದೇ ಕರೆಯುತ್ತಾರೆ. ಕ್ವಾರಂಟೈನ್ ಎಂಬ ಪದ ಜನರ ಬಾಯಲ್ಲಿ ಕೊರಂಟಿಯಾಗಿದೆ.

ನಾನು ರಾಯಚೂರಿನವನು. ಹದಿನಾರು ವರ್ಷಗಳಿಂದ ಇಲ್ಲಿನ ಔಷಧ ಕಂಪನಿಯೊಂದರಲ್ಲಿ ಮಾತ್ರೆಗಳ ಗುಣಮಟ್ಟ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ. ನಾನು ಡಾಕ್ಟರಲ್ಲ. ಆದರೆ ಊರಿನಿಂದ ಬರುವವರು ಚೀಟಿ ಹಿಡಿದು ಮೊದಲು ಫೋನ್ ಮಾಡುವುದು ನಮ್ಮಂಥವರಿಗೇ ಆದ್ದರಿಂದ ಒಂದಷ್ಟು ಓದಿಕೊಳ್ಳಬೇಕಾಯಿತು. ಮಕ್ಕಳಿಗೆ ತಗಲುವ ಮೂರು ಸೋಂಕುಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ: ಸ್ಟ್ರೆಪ್ಟೊಕಾಕಸ್, ಸ್ಟ್ಯಾಫಿಲೊಕಾಕಸ್ ಮತ್ತು ಎಚ್‌ಐವಿ. ಮೊದಲ ಎರಡು ಬ್ಯಾಕ್ಟೀರಿಯಾ, ಮೂರನೆಯದು ವೈರಸ್. ಮೂರರಲ್ಲೂ ಸಂಶೋಧಕರು ದೊಡ್ಡ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಟ್ಟಿದ್ದಾರೆ. ಮಗು ಉಳಿಯುವುದು ಬಹಳ ಸಲ ದಿನಗಳ ಲೆಕ್ಕದ ಮೇಲೆ ನಿಂತಿದೆ. ಊರು ಬಿಟ್ಟು ಬಂದವರ ಮನೆಗಳಲ್ಲಿ ಮೊದಲು ತಪ್ಪುವುದು ಈ ಲೆಕ್ಕವೇ.

ಸರದಂಥ ಕ್ರಿಮಿ

ಸೂಕ್ಷ್ಮದರ್ಶಕದಲ್ಲಿ ಮಣಿಸರದಂತೆ ಕಾಣುವ ಕ್ರಿಮಿಗೆ 1874ರಲ್ಲಿ ಬಿಲ್‌ರೋತ್ ಎಂಬ ಸರ್ಜನ್ ಸ್ಟ್ರೆಪ್ಟೊಕಾಕಸ್ ಎಂದು ಹೆಸರಿಟ್ಟರು. ಇದರ ‘ಗ್ರೂಪ್ ಎ’ ಬಗೆ 5ರಿಂದ 15 ವರ್ಷದ ಮಕ್ಕಳ ಗಂಟಲಿಗೆ ಹೆಚ್ಚಾಗಿ ತಗಲುತ್ತದೆ. ಗಂಟಲು ನೋವು ನಾಲ್ಕೈದು ದಿನದಲ್ಲಿ ತಾನೇ ಹೋಗುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಕೆಲವು ಮಕ್ಕಳಿಗೆ ಮತ್ತೆ ಜ್ವರ ಬಂದು, ಇವತ್ತು ಮೊಣಕಾಲು, ನಾಳೆ ಮೊಣಕೈ ಎಂದು ಕೀಲುಗಳು ಊದತೊಡಗುತ್ತವೆ. ಇದು ರುಮ್ಯಾಟಿಕ್ ಜ್ವರ. ಕ್ರಿಮಿಯ ವಿರುದ್ಧ ಎದ್ದ ದೇಹದ ರಕ್ಷಣಾಪಡೆ ತನ್ನದೇ ಕೀಲು ಮತ್ತು ಹೃದಯದ ಮೇಲೆ ತಿರುಗಿಬೀಳುತ್ತದೆ. ಕೀಲುನೋವು ಗುರುತುಳಿಸದೆ ಹೋಗುತ್ತದೆ, ಹೃದಯದ ಕವಾಟಕ್ಕಾದ ಗಾಯ ಮಾತ್ರ ಉಳಿದುಬಿಡುತ್ತದೆ. ಹತ್ತಿಪ್ಪತ್ತು ವರ್ಷಗಳ ನಂತರ, ಎಷ್ಟೋ ಹೆಣ್ಣುಮಕ್ಕಳಲ್ಲಿ ಬಸಿರಾದಾಗ, ಏದುಸಿರಿನ ರೂಪದಲ್ಲಿ ಅದು ಹೊರಗೆ ಬರುತ್ತದೆ.

ಇದನ್ನು ತಡೆಯಬಹುದೆಂದು ಮೊದಲು ತೋರಿಸಿದ್ದು ಅಮೆರಿಕದ ವಯೋಮಿಂಗ್ ರಾಜ್ಯದ ಫೋರ್ಟ್ ವಾರೆನ್ ಸೈನಿಕ ನೆಲೆಯಲ್ಲಿ. 1949ರ ಸುಮಾರಿಗೆ ಚಾರ್ಲ್ಸ್ ರಾಮೆಲ್‌ಕ್ಯಾಂಪ್ ಮತ್ತು ಸಂಗಡಿಗರು ಗಂಟಲು ಸೋಂಕಿನ ಸೈನಿಕರಿಗೆ ಪೆನಿಸಿಲಿನ್ ಕೊಟ್ಟು ನೋಡಿದರು. ಔಷಧಿ ಸಿಗದವರಲ್ಲಿ ನೂರಕ್ಕೆ ಸುಮಾರು ಮೂವರಿಗೆ ರುಮ್ಯಾಟಿಕ್ ಜ್ವರ ಬಂದರೆ, ಸಿಕ್ಕವರಲ್ಲಿ ಅದು ಬಹುತೇಕ ನಿಂತೇಹೋಯಿತು. ಗಂಟಲು ನೋವು ಶುರುವಾಗಿ ಒಂಬತ್ತು ದಿನದೊಳಗೆ ಪೆನಿಸಿಲಿನ್ ಆರಂಭಿಸಿದರೂ ಹೃದಯ ಉಳಿಯುತ್ತದೆ ಎಂಬ ತಿಳಿವಳಿಕೆ ಬಂದದ್ದು ಇಂಥ ಅಧ್ಯಯನಗಳಿಂದಲೇ.

ಒಂಬತ್ತು ದಿನ ಕಡಿಮೆಯೇನಲ್ಲ. ಹಾಗೆಂದು ಎಲ್ಲ ಗಂಟಲು ನೋವಿಗೂ ಆ್ಯಂಟಿಬಯೋಟಿಕ್ ಬೇಕಿಲ್ಲ. ಮೂಗು ಸೋರುತ್ತ ಕೆಮ್ಮೂ ಇದ್ದರೆ ಅದು ಹೆಚ್ಚಾಗಿ ವೈರಸ್. ಕೆಮ್ಮಿಲ್ಲದೆ ಇದ್ದಕ್ಕಿದ್ದಂತೆ ಜ್ವರ, ನುಂಗಲಾಗದಷ್ಟು ನೋವು, ಕತ್ತಿನ ಗಂಟುಗಳು ಊದಿ ಮುಟ್ಟಿದರೆ ನೋವು, ಟಾನ್ಸಿಲ್ ಮೇಲೆ ಬಿಳಿ ಪದರ ಕಂಡರೆ ಡಾಕ್ಟರಿಗೆ ತೋರಿಸಲೇಬೇಕು. ಅದು ಸ್ಟ್ರೆಪ್ಟೊಕಾಕಸ್ ಎಂದಾದರೆ ಹತ್ತು ದಿನದ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್, ಇಲ್ಲವೇ ಬೆಂಜಥೀನ್ ಪೆನಿಸಿಲಿನ್ನಿನ ಒಂದೇ ಇಂಜೆಕ್ಷನ್. ಎಂಟು ದಶಕಗಳ ಬಳಕೆಯ ನಂತರವೂ ಈ ಕ್ರಿಮಿ ಪೆನಿಸಿಲಿನ್‌ಗೆ ಸೋಲುತ್ತಲೇ ಇದೆ. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಕೈಗಿಡುವ ಮೂರು ದಿನದ ಅಜಿತ್ರೊಮೈಸಿನ್ ಬಗ್ಗೆ ಅಷ್ಟು ನಂಬಿಕೆಯಿಂದ ಹೇಳುವಂತಿಲ್ಲ, ಅದಕ್ಕೆ ಬಗ್ಗದ ಸ್ಟ್ರೆಪ್ಟೊಕಾಕಸ್ ಹಲವು ಕಡೆ ಸಿಕ್ಕಿದೆ.

ತಪ್ಪಿದ 21ನೇ ದಿನ

ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಲೆಕ್ಕ ಬದಲಾಗುತ್ತದೆ. ಮತ್ತೊಂದು ಗಂಟಲು ಸೋಂಕು ಕವಾಟವನ್ನು ಇನ್ನಷ್ಟು ಕೆಡಿಸದಿರಲು ನಮ್ಮ ದೇಶದಲ್ಲಿ ಸಾಮಾನ್ಯವಾಗಿ 21 ದಿನಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಾರೆ. ಕನಿಷ್ಠ ಐದು ವರ್ಷ, ಹೃದಯಕ್ಕೆ ತಗಲಿದ್ದರೆ ಇನ್ನೂ ಎಷ್ಟೋ ವರ್ಷ ಅದು ನಡೆಯಬೇಕು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾವಲು ಕೆಲಸಕ್ಕಿದ್ದ, ನಮ್ಮ ಕಡೆಯ ದಂಪತಿಯ ಮಗಳಿಗೆ ಹೀಗೆ ಇಂಜೆಕ್ಷನ್ ನಡೆಯುತ್ತಿತ್ತು. ಬಿತ್ತನೆ ಕಾಲಕ್ಕೆ ಊರಿಗೆ ಹೋದರೆ ಒಂದು ಸಲ ತಪ್ಪಿತು, ದಸರೆಗೆ ಹೋದರೆ ಇನ್ನೊಂದು ಸಲ. ಊರಿನಲ್ಲಿ ಹೋದ ಕಡೆ ‘ಪೆನಿಸಿಲಿನ್ ನಾವು ಕೊಡಲ್ಲ, ರಿಯಾಕ್ಷನ್ ಆದರೆ ಯಾರು ಹೊಣೆ’ ಎಂದರು. ಇಲ್ಲಿ ಅವರಪ್ಪನ ಜೊತೆ ನಾನೇ ಸುತ್ತಿದ ದಿನ, ನಾಲ್ಕನೆಯ ಅಂಗಡಿಯಲ್ಲಿ ಆ ಸೀಸೆ ಸಿಕ್ಕಿತು. ಬೆಲೆ ಒಂದು ಊಟಕ್ಕಿಂತ ಕಡಿಮೆ. ಅಗ್ಗವಾದ್ದರಿಂದಲೇ ಅದನ್ನು ತಯಾರಿಸಲು ಕಂಪನಿಗಳಿಗೆ, ಇಟ್ಟುಕೊಳ್ಳಲು ಅಂಗಡಿಗಳಿಗೆ ಉಮೇದು ಇಲ್ಲ. ಇದರ ಮೂಲ ಪದಾರ್ಥ ತಯಾರಿಸುವ ಕಾರ್ಖಾನೆಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಔಷಧಗಳ ರಾಜಧಾನಿ ಎನಿಸಿಕೊಂಡ ಊರಿನಲ್ಲಿ ಎಪ್ಪತ್ತು ವರ್ಷದ ಹಳೆಯ ಔಷಧಿಗೆ ನಾಲ್ಕು ಅಂಗಡಿ ಸುತ್ತಿದ್ದು ನನಗೆ ಇನ್ನೂ ಚುಚ್ಚುತ್ತದೆ.

ಈ ಇಂಜೆಕ್ಷನ್ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇತ್ತೀಚೆಗೆ ಉಗಾಂಡದಿಂದ ಬಂತು. ಹೊರಗೆ ಯಾವ ಲಕ್ಷಣವೂ ಇಲ್ಲದೆ ಎಕೋ ಪರೀಕ್ಷೆಯಲ್ಲಷ್ಟೇ ಕವಾಟದ ತೊಂದರೆ ಕಂಡ, 5ರಿಂದ 17 ವರ್ಷದ 818 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್, ಇನ್ನೊಂದಕ್ಕೆ ಇಲ್ಲ. ಎರಡು ವರ್ಷದ ನಂತರ ನೋಡಿದರೆ ಇಂಜೆಕ್ಷನ್ ಪಡೆದವರಲ್ಲಿ ಕಾಯಿಲೆ ಹೆಚ್ಚಾದದ್ದು ಮೂರು ಮಕ್ಕಳಿಗೆ, ಪಡೆಯದವರಲ್ಲಿ 33 ಮಕ್ಕಳಿಗೆ.

ಗೊಂಚಲಿನಂಥ ಕ್ರಿಮಿ

ಸ್ಟ್ಯಾಫಿಲೊಕಾಕಸ್ ದ್ರಾಕ್ಷಿ ಗೊಂಚಲಿನಂತೆ ಕಾಣುತ್ತದೆ, ಹೆಸರಿನ ಅರ್ಥವೂ ಅದೇ. 1882ರಲ್ಲಿ ಹಾಗೆ ಕರೆದವರು ಸ್ಕಾಟ್ಲೆಂಡಿನ ಸರ್ಜನ್ ಆಗ್‌ಸ್ಟನ್. ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಇದು ಸುಮ್ಮನೆ ಇರುತ್ತದೆ. ಚರ್ಮ ಒಡೆದಾಗ ಕುರು, ಕೀವುಗುಳ್ಳೆ ಎಬ್ಬಿಸುತ್ತದೆ, ರಕ್ತಕ್ಕೆ ಇಳಿದರೆ ಎಲುಬು, ಕೀಲು, ಶ್ವಾಸಕೋಶ ಯಾವುದನ್ನೂ ಬಿಡುವುದಿಲ್ಲ. ಜ್ವರವಿರುವ ಮಗು ಒಂದು ಕಾಲನ್ನು ಅಲ್ಲಾಡಿಸಲು ಬಿಡದೆ ಅಳುತ್ತಿದ್ದರೆ ‘ಬಿದ್ದಿರಬೇಕು’ ಎಂದು ಎಣ್ಣೆ ತಿಕ್ಕುತ್ತ ಕೂರಬಾರದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಇಲ್ಲಿ ಔಷಧಿಯ ಕಥೆ ಮೊದಲನೆಯದಕ್ಕೆ ತಿರುಗುಮುರುಗು. ಸ್ಟ್ರೆಪ್ಟೊಕಾಕಸ್ ಪೆನಿಸಿಲಿನ್‌ಗೆ ಸೋಲುತ್ತಲೇ ಬಂದರೆ, ಸ್ಟ್ಯಾಫಿಲೊಕಾಕಸ್ 1940ರ ದಶಕದಲ್ಲೇ ಅದನ್ನು ಒಡೆದುಹಾಕಲು ಕಲಿಯಿತು. ಅದಕ್ಕೆಂದೇ ತಂದ ಮೆಥಿಸಿಲಿನ್‌ಗೂ ಬಗ್ಗದ ತಳಿ 1961ರಲ್ಲಿ ಇಂಗ್ಲೆಂಡಿನಲ್ಲಿ ವರದಿಯಾಯಿತು. ಎಂಆರ್‌ಎಸ್‌ಎ ಎಂದು ಆಸ್ಪತ್ರೆಗಳು ಹೆದರುವುದು ಇದಕ್ಕೇ. ನೆಗಡಿಗೂ ಆ್ಯಂಟಿಬಯೋಟಿಕ್ ನುಂಗಿದಾಗಲೆಲ್ಲ ಮೂಗಿನೊಳಗಿನ ಈ ಬಾಡಿಗೆದಾರನಿಗೆ ತಾಲೀಮು ಸಿಗುತ್ತದೆ. ಚೀಟಿಯಿಲ್ಲದೆ ಇವನ್ನು ಮಾರಬಾರದೆಂಬ ನಿಯಮ ಇದೆ. ಅದು ಎಷ್ಟು ನಡೆಯುತ್ತದೆ ಎಂಬುದು ಬೆಂಗಳೂರು, ಮುಂಬೈ, ಪುಣೆ ಎಲ್ಲೇ ಇರುವ ಓದುಗರಿಗೂ ಗೊತ್ತು. ಹೀಗಾಗಿ ಬೇಕಾದ ಮಗುವಿಗೆ ಪೆನಿಸಿಲಿನ್ ಸಿಗುವುದಿಲ್ಲ, ಬೇಡದ ಮಗುವಿಗೆ ಮೂರು ಬಗೆಯ ಆ್ಯಂಟಿಬಯೋಟಿಕ್ ಸಿಗುತ್ತದೆ.

ಈ ಊರು ಮಾಡಿದ ದೊಡ್ಡ ಕೆಲಸ

ಎಚ್‌ಐವಿಯ ವಿಷಯಕ್ಕೆ ಬಂದರೆ ಹೈದರಾಬಾದ್ ಹೆಮ್ಮೆಪಡಬಹುದು. 1990ರ ದಶಕದ ಆರಂಭದಲ್ಲಿ ತಾರ್ನಾಕದ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು ಎ.ವಿ. ರಾಮರಾವ್. ಆಗ ಎಚ್‌ಐವಿಗೆ ಇದ್ದ ಪ್ರಮುಖ ಔಷಧಿ ಜಿಡೊವುಡೀನ್ ತೀರಾ ದುಬಾರಿ. ಅದನ್ನು ಇಲ್ಲಿಯೇ ತಯಾರಿಸುವ ವಿಧಾನವನ್ನು ಅವರ ತಂಡ ರೂಪಿಸಿತು, 1993ರಲ್ಲಿ ಸಿಪ್ಲಾ ಅದನ್ನು ಮಾರುಕಟ್ಟೆಗೆ ತಂದಿತು. ಮರುವರ್ಷವೇ ಅಮೆರಿಕ ಮತ್ತು ಫ್ರಾನ್ಸಿನ ಅಧ್ಯಯನವೊಂದು ಇದೇ ಔಷಧಿಯನ್ನು ಗರ್ಭಿಣಿಗೆ ಮತ್ತು ಹುಟ್ಟಿದ ಮಗುವಿಗೆ ಕೊಟ್ಟರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವುದು ನೂರಕ್ಕೆ ಸುಮಾರು 25ರಿಂದ 8ಕ್ಕೆ ಇಳಿಯುತ್ತದೆ ಎಂದು ತೋರಿಸಿತು. ಇವತ್ತು ತಾಯಿಗೆ ಸರಿಯಾದ ಚಿಕಿತ್ಸೆ ನಡೆದರೆ ಅದು 5ಕ್ಕಿಂತಲೂ ಕೆಳಗೆ ಬರುತ್ತದೆ.

ಸೋಂಕು ದಾಟಿಯೇ ಬಿಟ್ಟರೆ? ಚಿಕಿತ್ಸೆ ಇಲ್ಲದಿದ್ದರೆ ಅಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಎರಡನೇ ಹುಟ್ಟುಹಬ್ಬ ಕಾಣುವುದಿಲ್ಲ. ಎಷ್ಟೋ ಸಲ ಅವರನ್ನು ಒಯ್ಯುವುದು ನ್ಯುಮೋನಿಯಾ ತರುವ ಸ್ಟ್ರೆಪ್ಟೊಕಾಕಸ್, ಸ್ಟ್ಯಾಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾಗಳೇ. ಮೂರು ಸೋಂಕುಗಳು ಒಂದೇ ಮಗುವಿನಲ್ಲಿ ಕೂಡುವುದು ಹೀಗೆ. 2004ರಲ್ಲಿ ಜಾಂಬಿಯಾದ ಅಧ್ಯಯನವೊಂದರಲ್ಲಿ ದಿನಾ ಕೊಟ್ರೈಮಾಕ್ಸಜೋಲ್ ಎಂಬ ಹಳೆಯ ಅಗ್ಗದ ಮಾತ್ರೆ ಕೊಟ್ಟದ್ದರಿಂದಲೇ ಎಚ್‌ಐವಿ ಇರುವ ಮಕ್ಕಳ ಸಾವು ಶೇ. 43ರಷ್ಟು ತಗ್ಗಿತು. 2008ರಲ್ಲಿ ದಕ್ಷಿಣ ಆಫ್ರಿಕದ ಅಧ್ಯಯನ, ಲಕ್ಷಣಕ್ಕಾಗಿ ಕಾಯದೆ ಎಳೆಗೂಸಿಗೆ ಕೂಡಲೇ ಎಚ್‌ಐವಿ ಔಷಧಿ ಶುರು ಮಾಡಿದರೆ ಸಾವು ಶೇ. 76ರಷ್ಟು ತಗ್ಗುತ್ತದೆ ಎಂದಿತು. ಸೋಂಕಿರುವ ತಾಯಿಯ ಮಗುವಿಗೆ ಆರನೇ ವಾರದಲ್ಲೇ ರಕ್ತಪರೀಕ್ಷೆ ಮಾಡಿಸಬೇಕೆನ್ನುವುದು ಇದಕ್ಕಾಗಿ.

ಆದರೆ ಮಕ್ಕಳಿಗೆ ಔಷಧಿ ಕುಡಿಸುವುದು ಸುಲಭವಿರಲಿಲ್ಲ. ವರ್ಷಗಟ್ಟಲೆ ಬಳಸಿದ ಒಂದು ಸಿರಪ್ ವಿಪರೀತ ಕಹಿ, ಅದರಲ್ಲಿ ನೂರಕ್ಕೆ 42ರಷ್ಟು ಆಲ್ಕೋಹಾಲ್, ಮೇಲೆ ಫ್ರಿಜ್ ಬೇಕು. ತಗಡಿನ ಶೆಡ್ಡಿನಲ್ಲಿರುವ ಕೂಲಿಯವರು ಫ್ರಿಜ್ ಎಲ್ಲಿಂದ ತಂದಾರು? 2020ರ ಡಿಸೆಂಬರ್ 1ರಂದು ಇದಕ್ಕೆ ಉತ್ತರ ಪ್ರಕಟವಾಯಿತು: ನೀರಿನಲ್ಲಿ ಕರಗುವ, ಸ್ಟ್ರಾಬೆರಿ ರುಚಿಯ, ಮಕ್ಕಳ ಡೊಲುಟೆಗ್ರಾವಿರ್ ಮಾತ್ರೆ. ನಾಲ್ಕು ವಾರ ತುಂಬಿದ, ಮೂರು ಕಿಲೋ ತೂಗುವ ಕೂಸಿಗೂ ಕೊಡಬಹುದು. ಕಡಿಮೆ ಬೆಲೆಗೆ ಒದಗಿಸಲು ಒಪ್ಪಿದ ಎರಡು ಕಂಪನಿಗಳಲ್ಲಿ ಒಂದು ಮುಂಬೈನ ಮ್ಯಾಕ್ಲಿಯೋಡ್ಸ್, ಇನ್ನೊಂದು ವಿಯಾಟ್ರಿಸ್. ಹೈದರಾಬಾದಿನ ಮ್ಯಾಟ್ರಿಕ್ಸ್ ಲ್ಯಾಬೊರೇಟರೀಸ್ 2007ರಲ್ಲಿ ಮೈಲಾನ್ ಕೈಸೇರಿ, ಮುಂದೆ ಈ ವಿಯಾಟ್ರಿಸ್ ಭಾಗವಾಯಿತು. ಇದೇ ಊರಿನ ಹೆಟೆರೊ, ಅರಬಿಂದೊ ಕಂಪನಿಗಳ ಎಚ್‌ಐವಿ ಮಾತ್ರೆಗಳೂ ಆಫ್ರಿಕಕ್ಕೆ ಹೋಗುತ್ತವೆ.

ಗಡಿ ದಾಟುವ ಚೀಟಿ

ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಎಚ್‌ಐವಿ ಔಷಧಿ 2004ರ ಏಪ್ರಿಲ್‌ನಿಂದ ಉಚಿತ. ಮಕ್ಕಳಿಗೆಂದೇ ಪ್ರತ್ಯೇಕ ಕಾರ್ಯಕ್ರಮ 2006ರಲ್ಲಿ ಬಂತು. ಬಾಗಲಕೋಟೆಯಲ್ಲಿ ಹೆಸರು ದಾಖಲಾದವರು ಹೈದರಾಬಾದಿಗೆ ಕೆಲಸಕ್ಕೆ ಬಂದರೆ ವರ್ಗಾವಣೆ ಪತ್ರ ತಂದು ಇಲ್ಲಿಯೇ ಔಷಧಿ ಪಡೆಯಬಹುದು. ಬಹಳ ಜನ ತರುವುದಿಲ್ಲ. ಪತ್ರ ತೋರಿಸಿದರೆ ಮೇಸ್ತ್ರಿಗೆ, ಮನೆ ಮಾಲೀಕರಿಗೆ ಗೊತ್ತಾದೀತೆಂಬ ಭಯ. ಒಬ್ಬರ ಎಚ್‌ಐವಿ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗ ಮಾಡುವುದು, ಅದರ ಕಾರಣಕ್ಕೆ ಶಾಲೆ, ಕೆಲಸ, ಬಾಡಿಗೆ ಮನೆ ನಿರಾಕರಿಸುವುದು 2017ರ ಕಾಯ್ದೆಯ ಪ್ರಕಾರ ತಪ್ಪು. ಈ ಒಂದು ಮಾತನ್ನು ನಮ್ಮ ಭಾಷೆಯಲ್ಲಿ ಹೇಳುವವರು ಸಿಕ್ಕರೆ ಎಷ್ಟೋ ಮಕ್ಕಳ ಮಾತ್ರೆ ನಿಲ್ಲುವುದಿಲ್ಲ. 1097 ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಿ ಹತ್ತಿರದ ಕೇಂದ್ರದ ವಿವರವನ್ನೂ ಕೇಳಬಹುದು.

ಮಹಾನಗರಗಳ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ರಕ್ತದಾನ ಶಿಬಿರ, ಕಣ್ಣಿನ ತಪಾಸಣೆ ನಡೆಸುತ್ತವೆ. ಅದರ ಜೊತೆಗೆ ಇನ್ನೊಂದು ಸಣ್ಣ ಕೆಲಸ ಸೇರಿಸಿಕೊಳ್ಳಬಹುದು. ಸದಸ್ಯರ ಮನೆಗಳಲ್ಲಿ, ಕಟ್ಟಡಗಳಲ್ಲಿ ದುಡಿಯುವ ನಮ್ಮ ಕಡೆಯ ಕುಟುಂಬಗಳಲ್ಲಿ 21 ದಿನದ ಇಂಜೆಕ್ಷನ್ ಇರುವ ಮಗು ಇದ್ದರೆ, ಆ ದಿನಾಂಕವನ್ನು ನಮ್ಮ ಫೋನಿನಲ್ಲೂ ಬರೆದಿಟ್ಟುಕೊಳ್ಳುವುದು. ಹಬ್ಬಕ್ಕೆ ಊರಿಗೆ ಹೊರಟಾಗ, ಅಲ್ಲಿ ಇಂಜೆಕ್ಷನ್ ಕೊಡುವ ಸರ್ಕಾರಿ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸಿಕೊಡುವುದು. ಸೀಸೆ ಸಿಗದ ಕಡೆ, ಸಿಗುವ ಅಂಗಡಿಯ ಹೆಸರು ಹೇಳುವುದು. ಸರದ ಕ್ರಿಮಿಗೆ ಒಂಬತ್ತು ದಿನ, ಜ್ವರ ಬಂದು ಹೋದ ಹೃದಯಕ್ಕೆ 21 ದಿನ, ಎಚ್‌ಐವಿ ಇರುವ ಮಗುವಿಗೆ ಪ್ರತಿದಿನ, ಗೊಂಚಲಿನ ಕ್ರಿಮಿಗೆ ಡಾಕ್ಟರು ಬರೆದಾಗ ಮಾತ್ರ. ಇಷ್ಟನ್ನು ನೆನಪಿಟ್ಟುಕೊಳ್ಳಲು ಡಾಕ್ಟರಾಗಬೇಕಿಲ್ಲ, ಒಂದು ಕ್ಯಾಲೆಂಡರ್ ಇದ್ದರೆ ಸಾಕು.