ಮುರಿದದ್ದು ಕಾಲು, ಕಾಯಬೇಕಾದದ್ದು ಹೊಟ್ಟೆ

ಇಲಿ-ಅಳಿಲುಗಳ ಬಳಗದ ಚಿಂಚಿಲಾ ಎಂಬ ಪುಟ್ಟ ಪ್ರಾಣಿಯ ಕಣಕಾಲಿನಲ್ಲಿ ಲೆಕ್ಕಕ್ಕೆ ಸಿಗುವುದು ಒಂದೇ ಮೂಳೆ. ನಮಗಾದರೆ ಎರಡಿವೆ: ಭಾರ ಹೊರುವ ಟಿಬಿಯಾ, ಅದರ ಪಕ್ಕದಲ್ಲಿ ಆಸರೆಯಾಗಿ ನಿಂತ ಸಣ್ಣ ಫಿಬ್ಯುಲಾ. ಈ ಪ್ರಾಣಿಯಲ್ಲಿ ಫಿಬ್ಯುಲಾ ಹೆಸರಿಗಷ್ಟೇ. ಟಿಬಿಯಾ ತೊಡೆಮೂಳೆಗಿಂತಲೂ ಉದ್ದ, ಕಡ್ಡಿಪೊರಕೆಯ ಒಂದು ಕಡ್ಡಿಯಂತೆ ತೆಳು, ಸುತ್ತ ಮಾಂಸವೂ ಇಲ್ಲ. ಅರ್ಧ ಕಿಲೋ ಆಸುಪಾಸಿನ ಮೈಯನ್ನು 5 ಅಡಿ ಎತ್ತರಕ್ಕೆ ಚಿಮ್ಮಿಸುವ ಕಾಲು ಇದೇ. ತವರಾದ ಆಂಡಿಸ್ ಪರ್ವತದ ಬಂಡೆಗಳ ಮೇಲೆ ಈ ನೆಗೆತ ಸಲೀಸಾಗಿ ನಡೆಯುತ್ತದೆ. ಮನೆಯ ಪಂಜರದಲ್ಲಿ ತಂತಿಗಳ ಸಂದಿಗೆ ಪಾದ ಸಿಕ್ಕಿಕೊಂಡು, ಗಾಬರಿಯಲ್ಲಿ ಅದೇ ನೆಗೆತ ನೆಗೆದರೆ ಮೂಳೆ ಲಟಕ್ಕನೆ ಮುರಿಯುತ್ತದೆ. ಸಾಕಿದ ಚಿಂಚಿಲಾಗಳಲ್ಲಿ ಕಾಲು ಮುರಿಯುವ ಬಗೆ ಹೆಚ್ಚಿನಂಶ ಹೀಗೆಯೇ.

ನಮ್ಮ ಮನೆಯ ಚಿಂಚಿಲಾ ಗುಂಡನಿಗೆ ಆದದ್ದೂ ಇದೇ. ಪಂಜರದ ಮೇಲಟ್ಟಕ್ಕೆ ಹತ್ತಲು ಇಟ್ಟ ತಂತಿಯ ಏಣಿ, ಅದರ ಸಂದಿಯಲ್ಲಿ ಬಲಗಾಲು. ಮಗಳು ನೋಡುವ ಹೊತ್ತಿಗೆ ಅವನು ಕಾಲು ಬಿಡಿಸಿಕೊಂಡು ಮೂಲೆಯಲ್ಲಿ ಮುದುಡಿ ಕೂತಿದ್ದ, ಸದ್ದಿರಲಿಲ್ಲ. ಬೇಟೆಗೆ ಗುರಿಯಾಗುವ ಪ್ರಾಣಿಗಳು ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅರೆಮುಚ್ಚಿದ ಕಣ್ಣು, ಗೂನಾದ ಬೆನ್ನು, ಹಲ್ಲು ಕಡಿಯುವ ಸಣ್ಣ ಶಬ್ದ: ಇಷ್ಟರಲ್ಲೇ ನಾವು ಓದಿಕೊಳ್ಳಬೇಕು.

ನಾನು ಫಿಸಿಯೋಥೆರಪಿಸ್ಟ್. ಬೆಂಗಳೂರಿನಲ್ಲಿ ಬೈಕ್ ಅಪಘಾತದಲ್ಲಿ ಕಾಲು ಮುರಿದುಕೊಂಡವರನ್ನು ಮತ್ತೆ ನಡೆಸುತ್ತಲೇ ಕೆಲಸ ಕಲಿತವಳು. ಈಗ ಅಮೆರಿಕದ ಡೆನ್ವರ್‌ನಲ್ಲೂ ಅದೇ ಕಸುಬು. ಮುರಿದ ಮೂಳೆ ನನಗೆ ಹೊಸದಲ್ಲ. ಆದರೆ ಗುಂಡನನ್ನು ಕರೆದೊಯ್ದಾಗ ಸಣ್ಣ ಪ್ರಾಣಿಗಳ ಪಶುವೈದ್ಯೆ ಕಾಲು ಮುಟ್ಟುವ ಮೊದಲೇ ಕೇಳಿದ್ದು, “ಕೊನೆಯ ಸಲ ಹುಲ್ಲು ತಿಂದದ್ದು ಯಾವಾಗ? ಹಿಕ್ಕೆ ಹಾಕಿದ್ದಾನಾ?” ಎಂದು. ಮುಂದಿನ ವಾರಗಳ ನಮ್ಮ ಬದುಕೆಲ್ಲ ಆ ಎರಡು ಪ್ರಶ್ನೆಗಳ ಸುತ್ತಲೇ ನಡೆಯಿತು.

ಮೊದಲು ಕಾಲಿನ ವಿಷಯ ಮುಗಿಸಿಬಿಡುತ್ತೇನೆ. ಎಕ್ಸ್‌ರೇಯಲ್ಲಿ ಟಿಬಿಯಾ ನಟ್ಟನಡುವೆ ಎರಡು ತುಂಡಾಗಿತ್ತು. ಪುಣ್ಯಕ್ಕೆ ಚರ್ಮ ಹರಿದಿರಲಿಲ್ಲ. ಪಟ್ಟಿ ಕಟ್ಟಿ ಬಿಡಬಹುದಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಈ ಕಾಲಿನ ಆಕಾರಕ್ಕೆ ಕಟ್ಟು ನಿಲ್ಲುವುದಿಲ್ಲ, ಮೇಲೆ ಅಗಲ, ಕೆಳಗೆ ಸಪೂರ. ಜಾರದೆ ಉಳಿದರೂ ಗುಂಡ ಕಡಿದು ಹಾಕುತ್ತಾನೆ. ಕಾಲನ್ನೇ ತೆಗೆಯುವುದು ಇನ್ನೊಂದು ದಾರಿ. ಕೇಳಿದಾಗ ಎದೆ ಧಸಕ್ಕೆಂದರೂ ಅದನ್ನು ಕ್ರೌರ್ಯ ಎನ್ನಲಾಗದು. ಮೂರು ಕಾಲಿನ ಚಿಂಚಿಲಾಗಳು ಚೆನ್ನಾಗಿಯೇ ಓಡಾಡಿಕೊಂಡಿರುತ್ತವೆ, ಗಾಯ ತೆರೆದು ಮೂಳೆ ಹೊರಬಂದಾಗ ಎಷ್ಟೋ ಸಲ ಅದೇ ಸರಿಯಾದ ಚಿಕಿತ್ಸೆ. ನಮ್ಮ ಪಾಲಿಗೆ ಮೂರನೆಯದು ಬಂತು: ಮುರಿದ ಜಾಗದ ಮೇಲೂ ಕೆಳಗೂ ಮೂಳೆಗೆ ಸಪೂರ ಪಿನ್ನುಗಳನ್ನು ತೂರಿಸಿ, ಅವುಗಳ ತುದಿಯನ್ನು ಚರ್ಮದ ಹೊರಗೆ ಹಗುರವಾದ ಅಕ್ರಿಲಿಕ್ ಪಟ್ಟಿಯಿಂದ ಜೋಡಿಸುವುದು. “ಕಾಲಿಗೆ ರಾಡ್ ಹಾಕಿದಾರೆ” ಎಂದು ನಮ್ಮ ಜನ ಹೇಳುವಾಗ ಹೊರಗೆ ಕಾಣುವ ಆ ಚೌಕಟ್ಟೇ ಇಲ್ಲಿ ಬೆರಳುದ್ದಕ್ಕೆ ಇಳಿದಿತ್ತು. ಬೆಂಗಳೂರಿನ ವಾರ್ಡುಗಳಲ್ಲಿ ನಾನು ದಿನವೂ ನೋಡುತ್ತಿದ್ದ ವಸ್ತು ಅದು.

ಅರಿವಳಿಕೆ ಕೊಡುವ ಮುನ್ನ ನಮ್ಮನ್ನು ಉಪವಾಸ ಕೆಡವುತ್ತಾರೆ, ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಬಾರದೆಂದು. ಚಿಂಚಿಲಾ ವಾಂತಿ ಮಾಡಲಾರದು. ಆದ್ದರಿಂದ ರಾತ್ರಿಯಿಡೀ ಉಪವಾಸ ಬೇಡವೆಂದರು. ಅದಕ್ಕೆ ಖಾಲಿ ಹೊಟ್ಟೆಯೇ ಅಪಾಯ. ಇಷ್ಟು ಪುಟ್ಟ ಮೈ ಅರಿವಳಿಕೆಯಲ್ಲಿ ಬೇಗ ತಣ್ಣಗಾಗುವುದರಿಂದ ಬೆಚ್ಚನೆಯ ಹಾಸಿನ ಮೇಲೆ ಮಲಗಿಸಿಯೇ ಕೆಲಸ ಮಾಡಿದರು.

ಮುಳಬಾಗಿಲಿನಿಂದ ಅಮ್ಮನ ಫೋನು. “ಅಷ್ಟು ಸಣ್ಣ ಜೀವಕ್ಕೆ ಆಪರೇಷನ್ನಾ? ಪುತ್ತೂರು ಕಟ್ಟು ಹಾಕೋರು ಅಲ್ಲೆಲ್ಲೂ ಇಲ್ವೇನೆ?” ಕೋಲಾರ ಸೀಮೆಯವರಿಗೆ ಕೈಕಾಲು ಮುರಿದರೆ ಮೊದಲು ನೆನಪಾಗುವುದು ಗಡಿಯಾಚೆ ಆಂಧ್ರದ ಪುತ್ತೂರಿನ ಮೂಳೆ ಕಟ್ಟುವವರೇ. ಅಮ್ಮನ ಮಾತಿನಲ್ಲಿ ತಿರುಳಿತ್ತು. ಚಿಕ್ಕ ಪ್ರಾಣಿಗಳ ಮೂಳೆ ಬೇಗ ಕೂಡುತ್ತದೆ. ನಮಗೆ ತಿಂಗಳುಗಟ್ಟಲೆ ಹಿಡಿಯುವುದು ಅವಕ್ಕೆ ಕೆಲವೇ ವಾರ. ತುಂಡುಗಳು ನೇರವಾಗಿ ಅಲುಗದೆ ನಿಂತರೆ ಸಾಕು, ಮೂಳೆ ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ. ಅಲ್ಲಿಯವರೆಗೆ ಗುಂಡ ಬದುಕಿರಬೇಕು, ಅಷ್ಟೇ.

ಹೊಟ್ಟೆಯ ಪ್ರಶ್ನೆ ಎದ್ದದ್ದು ಇಲ್ಲಿ. ಚಿಂಚಿಲಾದ ಊಟವೆಂದರೆ ಒಣಹುಲ್ಲು, ಮುಖ್ಯವಾಗಿ ತಿಮೋತಿ ಎಂಬ ಹುಲ್ಲು. ಆ ನಾರನ್ನು ಅರಗಿಸುವುದು ಅದರ ದೊಡ್ಡ ಅಂಧಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು. ಮೇಲಿನಿಂದ ಹುಲ್ಲು ಬರುತ್ತಲೇ ಇರಬೇಕು, ಕೆಳಗಿನಿಂದ ಹಿಕ್ಕೆ ಹೋಗುತ್ತಲೇ ಇರಬೇಕು. ನೋವಾದರೆ ಪ್ರಾಣಿ ತಿನ್ನುವುದನ್ನು ಬಿಡುತ್ತದೆ. ತಿನ್ನದಿದ್ದರೆ ಕರುಳಿನ ಚಲನೆ ನಿಧಾನವಾಗಿ, ಗಾಳಿ ತುಂಬಿ, ಹೊಟ್ಟೆ ಉಬ್ಬುತ್ತದೆ. ಆ ಉಬ್ಬರವೇ ಹೊಸ ನೋವು, ಅದರಿಂದ ಇನ್ನಷ್ಟು ಉಪವಾಸ. ಈ ಸುಳಿಗೆ ಸಿಕ್ಕ ಚಿಂಚಿಲಾ ಕಾಲು ಚೆನ್ನಾಗಿ ಕೂಡುತ್ತಿರುವಾಗಲೇ ಸತ್ತುಹೋಗಬಹುದು. ಮೇಲೆ ಹಲ್ಲಿನ ಕಾಟ ಬೇರೆ. ಅದರ 20 ಹಲ್ಲುಗಳೂ ಜೀವನಪೂರ್ತಿ ಬೆಳೆಯುತ್ತವೆ, ಹುಲ್ಲು ಅಗಿದಗಿದೇ ಸವೆಯಬೇಕು.

ಗುಂಡ ಮನೆಗೆ ಬಂದಾಗ ಹುಲ್ಲನ್ನು ಮೂಸಿಯೂ ನೋಡಲಿಲ್ಲ. ಹುಲ್ಲಿನ ನಾರು ತುಂಬಿದ ಪುಡಿಯನ್ನು ಬೆಚ್ಚನೆ ನೀರಿನಲ್ಲಿ ಗಂಜಿಯ ಹದಕ್ಕೆ ಕಲಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ತಿನ್ನಿಸಬೇಕಿತ್ತು, ಹಗಲೂ ರಾತ್ರಿ, ಕೆಲವು ಗಂಟೆಗೊಮ್ಮೆ. ಮಗಳು ಅವನನ್ನು ಟವೆಲಿನಲ್ಲಿ ಸುತ್ತಿ, ಕಾಲಿನ ಚೌಕಟ್ಟು ಹೊರಗೆ ಉಳಿಯುವಂತೆ ಎದೆಗೆ ಆನಿಸಿಕೊಳ್ಳುತ್ತಿದ್ದಳು. ಸಿರಿಂಜಿನ ತುದಿ ಮುಂಬಲ್ಲುಗಳ ಹಿಂದಿನ ಖಾಲಿ ಜಾಗದಲ್ಲಿ ಪಕ್ಕದಿಂದ ಒಳಗೆ ಹೋಗಬೇಕು. ಒಂದು ತೊಟ್ಟು ಒತ್ತಿ, ಅಗಿದು ನುಂಗುವವರೆಗೆ ಕಾಯಬೇಕು. ಅವಸರ ಮಾಡಿದರೆ ಗಂಜಿ ಶ್ವಾಸನಾಳಕ್ಕೆ ಇಳಿಯುತ್ತದೆ. ಹದಿನಾರರ ಹುಡುಗಿ ನಡುರಾತ್ರಿ ಎದ್ದು ಕೂತು ಅಷ್ಟು ತಾಳ್ಮೆಯಿಂದ ತಿನ್ನಿಸುವುದನ್ನು ನೋಡಿ ನನಗೆ ಅವಳ ಮೇಲೆ ಹೊಸ ಗೌರವ ಹುಟ್ಟಿತು. ನೋಟ್‌ಬುಕ್ಕಿನಲ್ಲಿ ತಿಂದದ್ದು, ಅಡುಗೆಮನೆಯ ತಕ್ಕಡಿಯಲ್ಲಿ ಬಂದ ತೂಕ, ಹಿಕ್ಕೆಗಳ ಲೆಕ್ಕ ಎಲ್ಲ ಬರೆದಿಡುತ್ತಿದ್ದಳು. ಹಿಕ್ಕೆ ಸಣ್ಣದಾಗಿ, ಒಣಕಲಾಗಿ, ಕಡಿಮೆಯಾದರೆ ಕರುಳು ಸೋಲುತ್ತಿದೆ ಎಂದರ್ಥ. ದುಂಡಗೆ ದಪ್ಪಗಿದ್ದರೆ ನಮಗೆ ನೆಮ್ಮದಿ.

ಔಷಧಿಗಳ ಬಗ್ಗೆಯೂ ಹೇಳಲೇಬೇಕು. ನೋವಿಗೆ ಕೊಟ್ಟದ್ದು ಮೆಲೊಕ್ಸಿಕ್ಯಾಮ್. ರಣಹದ್ದುಗಳನ್ನು ಕೊಂದ ಡೈಕ್ಲೋಫೆನಾಕ್ ಅನ್ನು 2006ರಲ್ಲಿ ಭಾರತದಲ್ಲಿ ಜಾನುವಾರು ಚಿಕಿತ್ಸೆಯಿಂದ ಹೊರಗಿಟ್ಟಾಗ, ಅದರ ಬದಲು ಬಳಸಿ ಎಂದು ಸೂಚಿಸಿದ ಔಷಧಿ ಇದೇ. ನೋವು ಇಳಿಯದೆ ಹಸಿವು ಬಾರದು. ಆದ್ದರಿಂದ ಇಂಥ ಪ್ರಾಣಿಯಲ್ಲಿ ನೋವಿನ ಔಷಧಿಯನ್ನು ಹೊಟ್ಟೆಯ ಔಷಧಿಯೆಂದೇ ಎಣಿಸಬೇಕು ಎನ್ನುವುದು ನನ್ನ ಅಭಿಪ್ರಾಯ. ಆಂಟಿಬಯೋಟಿಕ್ ವಿಷಯದಲ್ಲಿ ಮಾತ್ರ ವಿಪರೀತ ಎಚ್ಚರ ಬೇಕು. ನಮ್ಮ ಮನೆಗಳ ಔಷಧಿ ಡಬ್ಬಿಯಲ್ಲಿ ಸದಾ ಇರುವ ಅಮಾಕ್ಸಿಸಿಲಿನ್ ಅನ್ನು ಬಾಯಿಯ ಮೂಲಕ ಕೊಟ್ಟರೆ ಚಿಂಚಿಲಾದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ನಾಶವಾಗಿ, ವಿಷ ಉಗುಳುವ ಜಾತಿಗಳು ತಲೆಯೆತ್ತಿ, ಅದು ಸಾಯಬಹುದು. ಪೆನಿಸಿಲಿನ್, ಕ್ಲಿಂಡಮೈಸಿನ್, ಎರಿಥ್ರೊಮೈಸಿನ್‌ಗಳೂ ಹಾಗೆಯೇ. ಅವಕ್ಕೆ ಹೊಂದುವ ಬೇರೆ ಔಷಧಿಗಳಿವೆ, ಅದನ್ನು ಬಲ್ಲ ವೈದ್ಯರೇ ಆರಿಸಬೇಕು.

ಇನ್ನು ವಿಶ್ರಾಂತಿ. ಆಪರೇಷನ್ ಆದ ಮರುದಿನವೇ ವಾಕರ್ ಕೊಟ್ಟು ರೋಗಿಯನ್ನು ಎಬ್ಬಿಸುವುದು ನನ್ನ ಕೆಲಸ. ಇಲ್ಲಿ ಎಲ್ಲ ಉಲ್ಟಾ. ಗುಂಡ ನಾಲ್ಕು ಹೆಜ್ಜೆ ಇಡಬಹುದು, ಆದರೆ ನೆಗೆಯಲೇಬಾರದು. ಅಟ್ಟ, ಏಣಿ, ಓಡುವ ಚಕ್ರ ಎಲ್ಲ ತೆಗೆದು, ತಗ್ಗಾದ ಒಂದೇ ಅಂತಸ್ತಿನ ಪಂಜರಕ್ಕೆ ಮೆತ್ತನೆಯ ಬಟ್ಟೆ ಹಾಸಿದೆವು. ಪಿನ್ನುಗಳ ಬುಡವನ್ನು ಒರೆಸಿ, ಕೆಂಪಾಗಿದೆಯೇ, ಕೀವಿದೆಯೇ ನೋಡುತ್ತಿದ್ದೆವು. ಕತ್ತಿಗೆ ಅಗಲ ಪಟ್ಟಿ ಹಾಕಿದರೆ ಕಾಲು ಕಡಿಯಲಾರ ನಿಜ, ಆದರೆ ಚಿಂಚಿಲಾ ತನ್ನದೇ ಮೆತ್ತನೆಯ ಹಿಕ್ಕೆಯನ್ನು ಹಿಂಬದಿಯಿಂದ ಬಾಯಲ್ಲೇ ತೆಗೆದು ತಿಂದು ಪೋಷಕಾಂಶ ಮರಳಿ ಪಡೆಯುತ್ತದೆ; ಪಟ್ಟಿ ಅದನ್ನೂ ತಪ್ಪಿಸುತ್ತದೆ. ಹಾಗಾಗಿ ಮಗಳು ಎದುರು ಕೂತಿರುವಷ್ಟು ಹೊತ್ತು ಪಟ್ಟಿ ಬಿಚ್ಚಿಡುತ್ತಿದ್ದೆವು.

ಅವನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಬೂದಿಸ್ನಾನ ನಿಂತದ್ದು. ಚಿಂಚಿಲಾದ ಒಂದೊಂದು ರೋಮರಂಧ್ರದಿಂದ 60ರಷ್ಟು ಕೂದಲು ಹೊರಡುತ್ತವೆ. ನೀರು ತಾಗಿದರೆ ಬೇಗ ಒಣಗುವುದಿಲ್ಲ, ಶೀತವೋ ಬೂಷ್ಟೋ ಹಿಡಿಯುತ್ತದೆ. ಅದಕ್ಕೇ ಜ್ವಾಲಾಮುಖಿ ಬೂದಿಯಂಥ ನುಣ್ಣನೆಯ ಪುಡಿಯಲ್ಲಿ ಹೊರಳಿ ಮೈಯ ಜಿಡ್ಡು ಕಳೆದುಕೊಳ್ಳುತ್ತದೆ. ತೆರೆದ ಗಾಯಕ್ಕೆ ಆ ಪುಡಿ ಸೇರಬಾರದು. ಇದೇ ತುಪ್ಪಳದಿಂದಾಗಿ ಸೆಖೆಯೂ ಅದಕ್ಕೆ ಮಾರಕ: 27 ಡಿಗ್ರಿ ದಾಟಿದರೆ ಅಪಾಯ ಶುರು. ಡೆನ್ವರ್‌ನ ಒಣ ಹವೆ ಹಿತವಾದರೂ ಬೇಸಿಗೆಯಲ್ಲಿ ಅವನ ಕೋಣೆಗೆ ಏಸಿ ಬೇಕೇ ಬೇಕು.

ಆ ತುಪ್ಪಳಕ್ಕಾಗಿಯೇ ಮನುಷ್ಯರು ಈ ಜಾತಿಯನ್ನು ಅಳಿವಿನಂಚಿಗೆ ತಂದದ್ದು. 1910ರಲ್ಲಿ ಚಿಲಿ, ಬೊಲಿವಿಯಾ, ಪೆರು, ಅರ್ಜೆಂಟೀನಾ ಸೇರಿ ಬೇಟೆ ನಿಷೇಧಿಸುವ ಹೊತ್ತಿಗೆ ಕಾಡಿನಲ್ಲಿ ಉಳಿದದ್ದು ಬಹಳ ಕಡಿಮೆ. ಚಿಲಿಯ ತಾಮ್ರದ ಗಣಿಯಲ್ಲಿದ್ದ ಮಥಾಯಸ್ ಚಾಪ್ಮನ್ ಎಂಬ ಅಮೆರಿಕನ್ ಎಂಜಿನಿಯರ್ 1923ರಲ್ಲಿ 11 ಚಿಂಚಿಲಾಗಳನ್ನು ಕ್ಯಾಲಿಫೋರ್ನಿಯಾಕ್ಕೆ ತಂದ. ಉದ್ದೇಶ ತುಪ್ಪಳದ ವ್ಯಾಪಾರ. ಅಮೆರಿಕದ ಸಾಕು ಚಿಂಚಿಲಾಗಳಲ್ಲಿ ಹೆಚ್ಚಿನವು ಆ 11ರ ಸಂತತಿ. ಗುಂಡನೂ ಬಹುಶಃ ಅದೇ ಕುಲದವನು. ಕಾಡಿನ ಬಂಧುಗಳಿಗಾಗಿ ಚಿಲಿ 1983ರಲ್ಲಿ ಇಯಾಪೆಲ್ ಪಟ್ಟಣದ ಬಳಿ ರಕ್ಷಿತಾರಣ್ಯ ಮಾಡಿದೆ, ಆದರೂ ಅವು ಇಂದಿಗೂ ಅಳಿವಿನಂಚಿನಲ್ಲೇ ಇವೆ.

ಒಂದು ಬೆಳಿಗ್ಗೆ ಸಿರಿಂಜು ಹಿಡಿದು ಹೋದಾಗ ಗುಂಡ ಮುಖ ತಿರುಗಿಸಿ ಹುಲ್ಲಿನ ಕಡೆ ಹೋದ. ನನ್ನ ಮಟ್ಟಿಗೆ ಅವನು ಗುಣವಾದದ್ದು ಅಂದೇ. ಮೂಳೆಯದು ಆಮೇಲಿನ ಮಾತು: ಎಕ್ಸ್‌ರೇಯಲ್ಲಿ ಮುರಿದ ಜಾಗದ ಸುತ್ತ ಬಿಳಿ ಗಂಟು ಕಟ್ಟಿತ್ತು, ಪಿನ್ನು ತೆಗೆದರು, ತೂತುಗಳು ಮುಚ್ಚಿದವು, ಬೋಳಿಸಿದ ಜಾಗದಲ್ಲಿ ತುಪ್ಪಳ ಬಂತು. ಪಾದ ತುಸು ಹೊರಗೆ ತಿರುಗಿಯೇ ಕೂಡಿದೆ. ಓಟಕ್ಕೆ ಅಡ್ಡಿಯಿಲ್ಲ. ಪಂಜರದಲ್ಲೀಗ ತಂತಿಯ ಏಣಿಯಿಲ್ಲ. ಪೈನ್ ಮರದ ಅಗಲ ಹಲಗೆಗಳನ್ನು ಒಂದಕ್ಕೊಂದು ಹತ್ತಿರ, ತಗ್ಗಿನಲ್ಲಿ ಕೂರಿಸಿದ್ದೇವೆ.

ಮೊನ್ನೆ ಬೆಂಗಳೂರಿನಿಂದ ಚಿಕ್ಕಪ್ಪನ ಮಗಳು ಫೋನ್ ಮಾಡಿದಳು. ಅವಳ ಮೊಲ ತಂತಿ ತಳದ ಪಂಜರದಲ್ಲಿ ಕಾಲು ಸಿಕ್ಕಿಸಿಕೊಂಡು ಕುಂಟುತ್ತಿತ್ತು. “ಅಕ್ಕಾ, ಮಗೂಗೆ ತಂದಿದ್ದ ಅಮಾಕ್ಸಿಸಿಲಿನ್ ಉಳಿದಿದೆ, ಸ್ವಲ್ಪ ಹಾಕ್ಲಾ?” ಬೇಡ ಕಣೇ ಅಂದೆ. ಮೊಲಕ್ಕೂ ಗಿನಿಯಿಲಿಗೂ ಅದು ಅಷ್ಟೇ ವಿಷ. ಹುಲ್ಲು ಜೊತೆಗಿಟ್ಟುಕೊಂಡು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗು ಎಂದೆ. ಹೋದಳು, ಮೂಳೆ ಮುರಿದಿರಲಿಲ್ಲ. ವಾರದ ಮೇಲೆ ಪಂಜರದ ತಳಕ್ಕೆ ಹಲಗೆ ಹಾಕಿಸಿದ ಫೋಟೊ ಕಳಿಸಿದಳು. ಹಲಗೆಗೆ ಚಂದದ ನೀಲಿ ಬಣ್ಣ ಬಳಿದಿತ್ತು. ಕಡಿಯುವ ಪ್ರಾಣಿ, ಬಣ್ಣ ಹೊಟ್ಟೆಗೆ ಹೋಗುತ್ತೆ, ಹಲಗೆ ಬದಲಿಸು ಎಂದು ಕೂಡಲೇ ಬರೆದೆ.